ಒಟಿಪಿ ಕೊಡದಿದ್ದರೂ ಹಣ ಹೋಗುತ್ತದೆ

ಮಾನ್ಯರೇ,

‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಮಾತು ಬ್ಯಾಂಕಿನ ಗೋಡೆಯಿಂದ ಹಿಡಿದು ಫೋನಿನ ಕಾಲರ್ ಟ್ಯೂನ್‌ವರೆಗೆ ಎಲ್ಲೆಡೆ ಕೇಳಿಬಂದಿದೆ. ಬೇಕಾದ ಎಚ್ಚರಿಕೆಯೇ. ಆದರೆ ಅಷ್ಟಕ್ಕೇ ನಿಂತರೆ ಸಾಲದು. ಒಟಿಪಿ ಕೇಳುವ ಗೋಜಿಗೇ ಹೋಗದೆ ಖಾತೆ ಖಾಲಿ ಮಾಡುವ ಎರಡು ದಾರಿಗಳಿವೆ. ಅವುಗಳ ಬಗ್ಗೆ ಶಾಖೆಗಳಲ್ಲಿ ಒಂದು ಫಲಕವೂ ಕಾಣುವುದಿಲ್ಲ.

ಮೊದಲನೆಯದು ಹೆಬ್ಬೆಟ್ಟಿನ ದಾರಿ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಪುಟ್ಟ ಯಂತ್ರದ ಮೇಲೆ ಬೆರಳು ಒತ್ತಿಸಿಕೊಂಡು ಹಣ ಕೊಡುತ್ತಾರಲ್ಲ, ಆ ಎಇಪಿಎಸ್ (ಆಧಾರ್ ಆಧಾರಿತ ಪಾವತಿ) ವ್ಯವಸ್ಥೆಗೆ ಬೇಕಾಗುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಮಾತ್ರ. ಕಾರ್ಡೂ ಬೇಡ, ಪಿನ್ನೂ ಬೇಡ, ಒಟಿಪಿಯೂ ಬೇಡ. ಜಮೀನು, ನಿವೇಶನದ ಕ್ರಯಪತ್ರದಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಒಂದೇ ಕಡೆ ಸಿಗುತ್ತಿದ್ದವು. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹೀಗೆ ಹಣ ಹೋದ ದೂರುಗಳು ಒಂದರ ಹಿಂದೊಂದು ಬಂದವು. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೂಲಕ ಸಿಕ್ಕ ದಾಖಲೆಗಳಿಂದ ಬೆರಳಚ್ಚು ನಕಲಾದದ್ದು ಪೊಲೀಸ್ ತನಿಖೆಯಲ್ಲಿ ಹೊರಬಿತ್ತು. ಆಮೇಲೆ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಬಂತು. ಅಷ್ಟರೊಳಗೆ ಡೌನ್‌ಲೋಡ್ ಆಗಿ ಹೋದ ಪ್ರತಿಗಳನ್ನು ವಾಪಸ್ ಪಡೆಯಲು ಬರುವುದಿಲ್ಲ. ಪಾಸ್‌ವರ್ಡಿನಂತೆ ಬೆರಳನ್ನು ಬದಲಿಸಲೂ ಆಗದು.

ಇದಕ್ಕೆ ಉಪಾಯ ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರಿನಲ್ಲಿರುವ ನಿಮ್ಮ ಬೆರಳಚ್ಚಿನ ಬಳಕೆಗೆ ಬೀಗ. ಮೈ ಆಧಾರ್ ಜಾಲತಾಣಕ್ಕೆ ಒಟಿಪಿ ಮೂಲಕ ಲಾಗಿನ್ ಆಗಿ ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಆರಿಸಿಕೊಳ್ಳಬೇಕು. ಹಣ ಖರ್ಚಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ: ‘ಲಾಕ್/ಅನ್‌ಲಾಕ್ ಆಧಾರ್’ ಎಂಬ ಇನ್ನೊಂದು ಆಯ್ಕೆಯೂ ಇದೆ, ಅದು ಬೇರೆ. ಅದನ್ನು ಒತ್ತಿದರೆ ಆಧಾರ್ ಸಂಖ್ಯೆಯೇ ನಿಂತುಹೋಗಿ, ಪ್ರತಿಯೊಂದಕ್ಕೂ ವಿಐಡಿ (ಆಧಾರ್ ಸಂಖ್ಯೆಯ ಬದಲಿಗೆ ಬಳಸುವ ಇನ್ನೊಂದು ಸಂಖ್ಯೆ) ಹುಡುಕಬೇಕಾಗುತ್ತದೆ. ಬಯೋಮೆಟ್ರಿಕ್ ಮಾತ್ರ ಲಾಕ್ ಮಾಡಿದರೆ ಒಟಿಪಿ ಆಧಾರಿತ ಕೆಲಸಗಳು ಎಂದಿನಂತೆ ನಡೆಯುತ್ತವೆ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ, ಸಿಮ್ ಕೊಳ್ಳುವಾಗ, ಪಿಂಚಣಿದಾರರ ಜೀವನ ಪ್ರಮಾಣದ ಸಮಯದಲ್ಲಿ ಬೆರಳು ತೆಗೆದುಕೊಳ್ಳುವುದಿಲ್ಲ. ಆಗ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿದರೆ 10 ನಿಮಿಷ ತೆರೆದಿದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ. ಪಡಿತರದ ಸಾಲಿನಲ್ಲಿ ಸರದಿ ಹತ್ತಿರ ಬಂದ ಮೇಲೆ ತೆರೆಯಿರಿ, ಮನೆಯಿಂದ ಹೊರಡುವಾಗಲೇ ಅಲ್ಲ. ಇದಕ್ಕೆಲ್ಲ ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಆಗಿಲ್ಲದ ಹಿರಿಯರಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಕರೆದೊಯ್ಯಿರಿ. ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ, ನೀವು ಬೆರಳು ಒತ್ತದ ದಿನ ‘ಎಇಪಿಎಸ್’ ಎಂಬ ನಮೂದು ಕಂಡರೆ ಅಲ್ಲೇ ಕೌಂಟರಿನಲ್ಲಿ ಕೇಳಬೇಕು.

ಎರಡನೆಯದು ಎಪಿಕೆ ಕಡತ, ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಇನ್‌ಸ್ಟಾಲ್ ಮಾಡುವ ಕಡತ. ‘ಆರ್‌ಟಿಒ ಚಲನ್’, ‘ಮದುವೆ ಆಮಂತ್ರಣ’, ‘ಪಿಎಂ ಕಿಸಾನ್’ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಎಷ್ಟೋ ಸಲ ಪರಿಚಿತರ ನಂಬರಿನಿಂದಲೇ; ಏಕೆಂದರೆ ಅವರ ಫೋನು ಇಂಥದೇ ಆ್ಯಪಿನಿಂದ ಆಗಲೇ ಕೆಟ್ಟಿರುತ್ತದೆ. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಕಡತ ಬಂದ ಮಾತ್ರಕ್ಕೆ ಏನೂ ಆಗದು. ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಮುಗಿಯಿತು: ಒಟಿಪಿಗಳು ನೇರವಾಗಿ ವಂಚಕನಿಗೆ ತಲುಪುತ್ತವೆ, ಆ್ಯಪಿನ ಚಿಹ್ನೆಯೂ ಪರದೆಯಿಂದ ಮಾಯವಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್ ಮತ್ತು ಕ್ರೋಮ್ ಎರಡಕ್ಕೂ ಅನುಮತಿ ತೆಗೆದುಹಾಕಿ.

ಇನ್‌ಸ್ಟಾಲ್ ಆಗಿಯೇ ಹೋಗಿದ್ದರೆ ಗಾಬರಿಯಲ್ಲಿ ಅದೇ ಫೋನಿನಿಂದ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ, ಹೊಸದೂ ವಂಚಕನ ಕೈ ಸೇರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಆಗಿದೆಯೇ ನೋಡಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ. ಅಲ್ಲಿಂದ ಬ್ಯಾಂಕಿಗೆ ಕರೆ ಮಾಡಿ ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ತಡೆಹಿಡಿಸಿ. ಕೆಟ್ಟ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡದೆ ಮತ್ತೆ ಬಳಸಬಾರದು. ದೂರು ಕೊಡುವುದಿದ್ದರೆ ರೀಸೆಟ್‌ಗೆ ಮುಂಚೆ ಆ ಸಂದೇಶದ ಫೋಟೊವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ.

ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ನಾಳೆ ಬ್ಯಾಂಕಿಗೆ ಹೋಗಿ ಕೇಳೋಣ’ ಎನ್ನುವಷ್ಟರಲ್ಲಿ ದುಡ್ಡು ಬೇರೆಯವರ ಹೆಸರಿನ ನಾಲ್ಕಾರು ಬಾಡಿಗೆ ಖಾತೆಗಳನ್ನು ದಾಟಿ ಎಟಿಎಂನಿಂದ ಹೊರಬಿದ್ದಿರುತ್ತದೆ. ಖಾತೆಯೊಳಗೆ ಇರುವ ಹಣವನ್ನಷ್ಟೇ ಹಿಡಿಯಲು ಸಾಧ್ಯ. ಕರೆ ಮಾಡುವಾಗ ಖಾತೆ ಸಂಖ್ಯೆ, ಮೊತ್ತ, ಸಮಯ ಮತ್ತು ಯುಪಿಐ ಆದರೆ 12 ಅಂಕಿಯ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಸ್ವೀಕೃತಿ ಸಂಖ್ಯೆ ಬಂದ ಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ಪೂರ್ತಿಗೊಳಿಸಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. 1930ಕ್ಕೆ ಹೇಳಿದ್ದೇ ಎಫ್‌ಐಆರ್ ಎಂದುಕೊಂಡು ಸುಮ್ಮನಿರುವವರು ಬಹಳ. ತಡೆಹಿಡಿದ ಹಣ ಬಿಡಿಸಿಕೊಳ್ಳಲು ಎಷ್ಟೋ ಸಲ ನ್ಯಾಯಾಲಯದ ಆದೇಶ ಬೇಕಾಗುವುದರಿಂದ ಆ ಕಾಗದಗಳು ಮುಖ್ಯ.

ಬ್ಯಾಂಕಿಗೂ ಲಿಖಿತ ದೂರು ಕೊಟ್ಟು ಮೊಹರು ಹಾಕಿದ ಪ್ರತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ತಂದ ನಿಯಮದ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಗರಿಷ್ಠ 10,000 ರೂಪಾಯಿ. ಗ್ರಾಹಕನದೇ ತಪ್ಪು ಎಂದು ತೋರಿಸುವ ಭಾರ ಬ್ಯಾಂಕಿನ ಮೇಲಿದೆ. ಒಟಿಪಿ ನೀವೇ ಹೇಳಿದ್ದರೂ, ದೂರು ಕೊಟ್ಟ ನಂತರ ಹೋದ ಹಣಕ್ಕೆ ಬ್ಯಾಂಕೇ ಜವಾಬ್ದಾರಿ. ಕೌಂಟರಿನಲ್ಲಿ ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದರೆ ರಿಸರ್ವ್ ಬ್ಯಾಂಕಿನ ಈ ನಿಯಮ ಬರೆದೇ ಅರ್ಜಿ ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, ಶುಲ್ಕವಿಲ್ಲ. ‘ಕಳೆದ ಹಣ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಆಮೇಲೆ ಬರುವ ಕರೆಯಂತೂ ಇನ್ನೊಂದು ವಂಚನೆ.

ಎಲ್ಲವನ್ನೂ ಗ್ರಾಹಕನ ತಲೆಗೆ ಕಟ್ಟುವುದೂ ಸರಿಯಲ್ಲ. ಕಾರ್ಡನ್ನು ಆನ್-ಆಫ್ ಮಾಡುವ ಸೌಲಭ್ಯ ಕೊಟ್ಟಿರುವ ಬ್ಯಾಂಕುಗಳು ಎಇಪಿಎಸ್‌ಗೂ ಅದನ್ನೇ ಕೊಡಲಿ. ವರ್ಷಗಟ್ಟಲೆ ಹೆಬ್ಬೆಟ್ಟು ಒತ್ತಿ ಹಣ ತೆಗೆಯದ ಖಾತೆಗಳಲ್ಲಿ, ಗ್ರಾಹಕ ಕೇಳುವವರೆಗೆ ಅದು ಮುಚ್ಚಿಯೇ ಇರಲಿ. ಹಣ ಕಡಿತದ ಎಸ್‌ಎಂಎಸ್ ಕನ್ನಡದಲ್ಲಿ ಬರಲಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು ಹೊರಡುವವರ ಕೈಗೆ ಬಯೋಮೆಟ್ರಿಕ್ ಲಾಕ್ ಮಾಡುವ ವಿಧಾನವಿರುವ ಒಂದು ಚೀಟಿ ಕೊಡಲು ಇಲಾಖೆಗೆ ದೊಡ್ಡ ಖರ್ಚೇನೂ ಆಗದು.

– ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ