ಹಳೇ ಕ್ಯಾರವಾನ್ ತಗೊಳ್ಳೋ ಮುಂಚೆ ಗೋಡೆ ಒತ್ತಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಇಂಗ್ಲೆಂಡಲ್ಲಿದ್ದು ಸೆಕೆಂಡ್ ಹ್ಯಾಂಡ್ ಕ್ಯಾರವಾನ್ (ಕಾರಿನ ಹಿಂದೆ ಎಳ್ಕೊಂಡು ಹೋಗೋ ಮನೆ ಗಾಡಿ) ತಗೊಳ್ಳೋ ಕನ್ನಡದವರಿಗೆ ಒಂದು ಮಾತು. ನಾವು ಹೊಸ ಕರ್ಟನ್, ಹೊಳಪು ನೋಡಿ ದುಡ್ಡು ಕೊಟ್ವಿ, ಮಳೆ ಶುರುವಾದ್ಮೇಲೆ ಮುಂದಿನ ಕಿಟಕಿ ಕೆಳಗೆ ಬೆರಳಿಟ್ರೆ ಗೋಡೆ ನೆನೆದ ರೊಟ್ಟಿ ಥರ ಒಳಗೇ ಹೋಯ್ತು, ಒಳಗಿನ ಮರದ ಫ್ರೇಮ್ ಪೂರ್ತಿ ಕೊಳೆತುಹೋಗಿತ್ತು. ಹಳೇ ಗಾಡೀಲಿ ಅಲ್ಯುಮಿನಿಯಂ ಶೀಟ್ ಹಿಂದೆ ಇರೋದು ಮರಾನೇ, ಮೂಲೆಗಳಲ್ಲಿ ನೀರು ತಡೆಯೋಕೆ ಹಾಕಿರೋ ಸೀಲೆಂಟ್ ಬಿರುಕು ಬಿಟ್ರೆ ನೀರು ಸದ್ದಿಲ್ದೆ ಇಳಿಯತ್ತೆ. ಗೋಡೆಯ ತೇವ ಅಳೆಯೋ ಡ್ಯಾಂಪ್ ಮೀಟರ್ ಹಿಡ್ಕೊಂಡು ಕಿಟಕಿ ಸುತ್ತ, ಸಾಮಾನಿಡೋ ಲಾಕರ್ ಒಳಗಿನ ಮೂಲೆಗಳನ್ನ ನೋಡಿ, 15 ಪರ್ಸೆಂಟ್ ಒಳಗಿದ್ರೆ ಸರಿ, 20 ದಾಟಿದ್ರೆ ಬಿಟ್ಬಿಡಿ. ನಡೆದಾಗ ನೆಲ ಮೆತ್ತಗೆ ಕುಗ್ಗಿದ್ರೆ ಒಳಗಿನ ಪ್ಲೈ ಪದರ ಬಿಟ್ಕೊಂಡಿರತ್ತೆ. ರೂಮ್ ಫ್ರೆಶ್ನರ್ ವಾಸನೆ ಜಾಸ್ತಿ ಇದ್ರಂತೂ ತೇವದ ವಾಸನೆ ಮುಚ್ತಿದಾರೆ ಅಂತ ನಂಗೆ ಅನುಮಾನಾನೇ. ಸಾಧ್ಯ ಆದ್ರೆ ಮಳೆ ಬಂದ ಮರುದಿನ ಹೋಗಿ ನೋಡಿ.

ಓದುಗ, ಲೆಸ್ಟರ್