ಉಮಾಶ್ರೀ ಅವರಿಗೆ ಒಂದೇ ಸಾಲು ಸಾಕೆ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಜಿಲ್ಲಾ ಪುಟದಲ್ಲಿ ತುಮಕೂರು ಜಿಲ್ಲೆಯ ಕಲಾವಿದರ ಬಗ್ಗೆ ಲೇಖನ ಬಂದಿತ್ತು. ಗುಬ್ಬಿ ವೀರಣ್ಣನವರ ಬಗ್ಗೆ ವಿವರವಾಗಿ ಬರೆದಿದ್ದೀರಿ. ನಮ್ಮ ತಿಪಟೂರಿನವರೇ ಆದ ನರಸಿಂಹರಾಜು ಅವರ ಬಗ್ಗೆ ಫೋಟೊ ಸಮೇತ ಒಂದು ಕಾಲಂ ಇತ್ತು. ಓದಿ ಸಂತೋಷಪಟ್ಟೆ. ಆದರೆ ಇಲ್ಲೇ ನಮ್ಮ ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಅವರಿಗೆ ಸಿಕ್ಕಿದ್ದು ಕಟ್ಟಕಡೆಯ ಒಂದು ಸಾಲು: ‘ಹಾಸ್ಯನಟಿ, ಮಾಜಿ ಸಚಿವೆ’. ಆ ಪುಟ ಮಡಚಿ ಗಲ್ಲಾಪೆಟ್ಟಿಗೆಯ ಕೆಳಗಿಟ್ಟೆ. ಎರಡು ದಿನ ಆದರೂ ಮನಸ್ಸು ತಡೆಯಲಿಲ್ಲ, ಅದಕ್ಕೇ ಈ ಪತ್ರ.

ನಾನು ತಿಪಟೂರಿನಲ್ಲಿ ಒಂದು ಸಣ್ಣ ಮೆಸ್ ನಡೆಸುತ್ತೇನೆ. ಮಾರುಕಟ್ಟೆಯ ಹಮಾಲರು, ಕೊಬ್ಬರಿ ಒಡೆಯುವ ಹೆಂಗಸರು, ಲಾರಿಯವರು, ರೂಮು ಮಾಡಿಕೊಂಡು ಓದುವ ಕಾಲೇಜು ಹುಡುಗರು ನನ್ನ ಗಿರಾಕಿಗಳು. ನಾನು ಸಿನಿಮಾ ವಿಮರ್ಶಕಿ ಅಲ್ಲ. ಆದರೆ ಈ ಒಬ್ಬ ನಟಿಯನ್ನು ನಲವತ್ತು ವರ್ಷಕ್ಕೂ ಮೇಲೆ ನೋಡುತ್ತಾ ಬಂದಿದ್ದೇನೆ.

ಮೊದಲು ನೋಡಿದ್ದು ನಾಟಕದಲ್ಲಿ. 1980ರ ದಶಕದ ಮೊದಲ ವರ್ಷಗಳು, ನಾನಾಗ ಪಿಯುಸಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮಣ್ಣ ರವೀಂದ್ರ ಕಲಾಕ್ಷೇತ್ರಕ್ಕೆ ಕರೆದುಕೊಂಡು ಹೋಗಿದ್ದ. ದೇವನೂರ ಮಹಾದೇವ ಅವರ ‘ಒಡಲಾಳ’, ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನ, ಸಮುದಾಯ ತಂಡ. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲಾ ಜಾಲಾಡುವ ಮುದುಕಿ ಸಾಕವ್ವ. ಹಸಿದ ಮನೆಯವರೆಲ್ಲಾ ಸುತ್ತ ಕೂತು ರಾತ್ರಿಯೆಲ್ಲಾ ಕಡಲೆಕಾಯಿ ತಿನ್ನುವ ದೃಶ್ಯ ಬಂದಾಗ ನಮ್ಮಣ್ಣ ತಲೆ ತಗ್ಗಿಸಿ ಕೂತುಬಿಟ್ಟಿದ್ದ. ನಮ್ಮ ಮನೆಯಲ್ಲೂ ಹಸಿವಿನ ದಿನಗಳಿದ್ದವು. ನಾಟಕ ಮುಗಿದು ಕಲಾವಿದರ ಪರಿಚಯ ಮಾಡಿಸುವಾಗ ಆ ಮುದುಕಿ ಮುಂದೆ ಬಂದು, ಅಷ್ಟು ಹೊತ್ತು ಬಾಗಿದ್ದ ಬೆನ್ನನ್ನು ಮೆಲ್ಲಗೆ ನೆಟ್ಟಗೆ ಮಾಡಿ ಕೈ ಮುಗಿದಳು. ನೋಡಿದರೆ ಇನ್ನೂ ಹುಡುಗಿ! ಅವರು ಹುಟ್ಟಿದ್ದು 1957ರಲ್ಲಿ. ಮೂವತ್ತೂ ತುಂಬದವರು ಮುದುಕಿಯ ಉಸಿರಾಟವನ್ನು ಎಲ್ಲಿಂದ ತಂದರು ಎಂದು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಯೋಚಿಸುತ್ತಲೇ ಇದ್ದೆ.

ಆಮೇಲೆ ಕಾಶೀನಾಥ್ ಅವರ ‘ಅನುಭವ’ ಬಂತು, 1984. ಅಲ್ಲಿಂದ ಶುರುವಾಯಿತು ನೋಡಿ. ಎನ್.ಎಸ್. ರಾವ್ ಅವರ ಜೋಡಿಯಾಗಿ ಸಾಲು ಸಾಲು ಚಿತ್ರಗಳು, ಎರಡರ್ಥದ ಮಾತುಗಳು. ಥಿಯೇಟರಿನಲ್ಲಿ ಗಂಡಸರು ಶಿಳ್ಳೆ ಹೊಡೆಯುತ್ತಿದ್ದರು. ನಮ್ಮ ಮನೆಯಲ್ಲಿ ಟಿವಿಗೆ ಆ ಮುಖ ಬಂತೆಂದರೆ ನಮ್ಮತ್ತೆ ಎದ್ದು ಹೋಗಿ ಆಫ್ ಮಾಡುತ್ತಿದ್ದರು. ಸತ್ಯ ಹೇಳಬೇಕು, ನನಗೂ ಬೇಸರವಾಗಿತ್ತು. ಸಾಕವ್ವನಾಗಿದ್ದವರು ಇಲ್ಲಿಗೆ ಬಂದು ನಿಂತರಲ್ಲಾ ಎಂದು ಒಳಗೊಳಗೇ ಅವರನ್ನು ದೂರಿದ್ದೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ಅದು ತಪ್ಪು ಅನ್ನುವುದು ನನಗೆ ಅರ್ಥವಾಯಿತು. ಎರಡು ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಮೆಸ್ ತೆರೆದಾಗ ಊಟಕ್ಕೆ ಬಂದವರು ಏನೇನು ಆಡುತ್ತಿದ್ದರು, ಬಾಡಿಗೆ ಕೇಳಲು ಬಂದವರು ಹೇಗೆ ನೋಡುತ್ತಿದ್ದರು, ಅದೆಲ್ಲಾ ಇಲ್ಲಿ ಬೇಡ. ಕೇಳಿಸದವಳಂತೆ ಸಾರು ಬಡಿಸುವುದನ್ನು ಕಲಿತೆ. ಉಮಾಶ್ರೀ ಅವರೂ ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದವರು. ಅದನ್ನು ಅವರು ಮುಚ್ಚಿಟ್ಟಿಲ್ಲ. ಆ ಪಾತ್ರ ಬರೆದವರಿಗೆ ಯಾರೂ ಬೈಯಲಿಲ್ಲ, ದುಡ್ಡು ಹಾಕಿದವರಿಗೆ ಬೈಯಲಿಲ್ಲ, ಪಕ್ಕದಲ್ಲಿ ನಿಂತು ಅದೇ ಮಾತಾಡಿದ ಗಂಡಸನ್ನು ಒಳ್ಳೆ ಹಾಸ್ಯಗಾರ ಅಂದರು. ಕೆಟ್ಟ ಹೆಸರೆಲ್ಲಾ ಹೆಂಗಸಿನ ಪಾಲಿಗೆ ಬಂತು.

ಹಾಸ್ಯ ಅನ್ನುವುದೇನು ಸಣ್ಣ ಕೆಲಸವಲ್ಲ. ಹಾಗಿದ್ದರೆ ನರಸಿಂಹರಾಜು ಅವರನ್ನು ಯಾಕೆ ಹಾಸ್ಯ ಚಕ್ರವರ್ತಿ ಎಂದು ಕರೆಯುತ್ತೇವೆ? ಅದೂ ಪ್ರೀತಿಯಿಂದ, ಹೆಮ್ಮೆಯಿಂದ. ಒಂದೇ ತಾಲ್ಲೂಕಿನ ಇಬ್ಬರು. ಅವರ ಮುಂದೆ ‘ಹಾಸ್ಯ’ ಎಂದು ಬರೆದರೆ ಕಿರೀಟ, ಇವರ ಮುಂದೆ ಬರೆದರೆ ಬದಿಗೆ ಸರಿಸಿದ ಹಾಗೆ. ನಿಮ್ಮ ಲೇಖಕರು ಬೇಕೆಂದೇ ಹಾಗೆ ಮಾಡಿದರು ಎನ್ನಲಾರೆ. ರೂಢಿ ಕೈ ಹಿಡಿದು ಬರೆಸಿರುತ್ತದೆ.

ಮುಂದಿನದನ್ನು ನೋಡಿ. 1994ರ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ ಕರಿಬಸವಯ್ಯನವರ ಜೋಡಿಯಾಗಿ, ಓದುವ ಹುಡುಗನ ಬಡ ತಾಯಿ. ಮರುವರ್ಷ ‘ಪುಟ್ನಂಜ’ದಲ್ಲಿ ರವಿಚಂದ್ರನ್ ಅವರ ಅಜ್ಜಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ, ಲೆಕ್ಕ ಹಾಕಿದರೆ ಅಜ್ಜಿಗೂ ಮೊಮ್ಮಗನಿಗೂ ನಾಲ್ಕೇ ವರ್ಷದ ಅಂತರ! ಆದರೂ ಜನ ನಂಬಿದರು. ನಮ್ಮತ್ತೆಯೂ ಆ ಚಿತ್ರಕ್ಕೆ ಕೂತರು, ಟಿವಿ ಆಫ್ ಮಾಡಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ‘ಅವ್ಳೇನಾ ಇವ್ಳು?’ ಎಂದು ನನ್ನನ್ನು ಕೇಳಿದರು.

‘ಗುಲಾಬಿ ಟಾಕೀಸ್’ ಬಗ್ಗೆ ಸ್ವಲ್ಪ ಬರೆಯಲೇಬೇಕು. ವೈದೇಹಿಯವರ ಕಥೆಯನ್ನು ಗಿರೀಶ್ ಕಾಸರವಳ್ಳಿ ಚಿತ್ರ ಮಾಡಿದರು. ಕರಾವಳಿಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಸೂಲಗಿತ್ತಿ ಗುಲಾಬಿ, ಗಂಡ ಬಿಟ್ಟವಳು, ಸಿನಿಮಾ ಅಂದರೆ ಪ್ರಾಣ. ಟಾಕೀಸಿನಲ್ಲಿ ಕೂತವಳನ್ನು ಹೆರಿಗೆಗೆ ಎಬ್ಬಿಸಲು ಬಂದರೆ ಏಳಲೊಲ್ಲಳು. ಕೊನೆಗೆ ಟಿವಿ ಕೊಡಿಸುವುದಾಗಿ ಹೇಳಿ ಒಪ್ಪಿಸುತ್ತಾರೆ. ಆ ಟಿವಿ ನೋಡಲು ಕೇರಿಯ ಹೆಂಗಸರೆಲ್ಲಾ ಅವಳ ಮನೆಗೆ ಬರತೊಡಗುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಮನೆ ಜನರ ಕಣ್ಣಿಗೆ ಬೇರೆಯಾಗಿ ಕಾಣತೊಡಗುತ್ತದೆ. ಅವಳನ್ನು ಊರು ಬಿಡಿಸುತ್ತಾರೆ. ನಾನು ಹೆಚ್ಚು ನೆನೆಯುವುದು ಪರದೆಯನ್ನು ನೋಡುತ್ತಾ ಕೂತ ಆ ಮುಖವನ್ನು. ಅಲ್ಲಿ ಮಾತಿಲ್ಲ. ಬಾಯಿ ಅರ್ಧ ತೆರೆದು, ಸ್ವಂತ ದುಃಖವೆಲ್ಲಾ ಮರೆತ ಹೆಂಗಸು. ಸಂಜೆ ಕೆಲಸ ಮುಗಿಸಿ ನನ್ನ ಮೆಸ್ಸಿನ ಟಿವಿ ಮುಂದೆ ಕೂರುವ, ಕೊಬ್ಬರಿಯ ಕಮಟು ವಾಸನೆ ಮೈಗೆ ಅಂಟಿದ ಹೆಂಗಸರ ಮುಖವೂ ಹಾಗೇ ಇರುತ್ತದೆ. ಆ ಚಿತ್ರಕ್ಕೆ ಉಮಾಶ್ರೀ ಅವರು ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದರು, 2007ನೇ ಸಾಲಿನದು. ಕನ್ನಡ ಚಿತ್ರಗಳಿಗೆ ಈ ಪ್ರಶಸ್ತಿ ತಂದ ನಂದಿನಿ ಭಕ್ತವತ್ಸಲ, ತಾರಾ ಅವರ ಸಾಲಿನಲ್ಲಿ ನಮ್ಮ ನೊಣವಿನಕೆರೆಯ ಹೆಣ್ಣುಮಗಳೂ ಇದ್ದಾರೆ. ನಿಮ್ಮ ಲೇಖನದಲ್ಲಿ ಇದು ಇರಲಿಲ್ಲ.

ರಾಜಕೀಯದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ತೇರದಾಳದಿಂದ ಗೆದ್ದರು, 2013ರಲ್ಲಿ ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಅವರ ಕೈಯಲ್ಲಿತ್ತು. ಅದರ ಒಳ್ಳೆಯದು ಕೆಟ್ಟದ್ದನ್ನು ತಿಳಿದವರು ಬರೆಯಲಿ. ಮಂತ್ರಿ ಆದವರು ಮತ್ತೆ ಬಣ್ಣ ಹಚ್ಚಲು ಹಿಂಜರಿಯಲಿಲ್ಲ ಅನ್ನುವುದಷ್ಟೇ ನನಗೆ ಮುಖ್ಯ.

ಹಚ್ಚಿದ್ದು ಎಂಥ ಪಾತ್ರಕ್ಕೆ! 2021ರ ಡಿಸೆಂಬರಿನಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಶುರುವಾಯಿತು. ಗಂಡು ಮಗು ಹೆರಲಿಲ್ಲ ಎಂದು ಗಂಡ ಬಿಟ್ಟುಹೋದ, ಮೂರು ಹೆಣ್ಣುಮಕ್ಕಳನ್ನು ಮೆಸ್ ನಡೆಸಿ ಸಾಕುವ ಪುಟ್ಟಕ್ಕ. ಮೊದಲ ವಾರವೇ ನನ್ನ ಗಿರಾಕಿಗಳು ನನ್ನನ್ನು ಪುಟ್ಟಕ್ಕ ಎಂದು ಕರೆಯತೊಡಗಿದರು, ಈಗಲೂ ಅದೇ ಹೆಸರು. ಏಳೂವರೆಗೆ ಧಾರಾವಾಹಿ, ನನಗೆ ಅದೇ ಹೊತ್ತಿಗೆ ಮುದ್ದೆ ತಿರುವುವ ಕೆಲಸ. ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುತ್ತಲೇ ನೋಡುತ್ತಿದ್ದೆ. ಕಥೆಯಲ್ಲಿ ಎಳೆದಾಟ ಇತ್ತು, ನಂಬಲಾಗದ ತಿರುವುಗಳಿದ್ದವು, ಅದು ಬೇರೆ ಮಾತು. ಆದರೆ ಪುಟ್ಟಕ್ಕ ಸೌಟು ಹಿಡಿದ ಕೈ ನನಗೆ ಗೊತ್ತಿದ್ದ ಕೈ. ಬಡಿಸುವಾಗ ಕಣ್ಣು ಎಲೆಯ ಮೇಲಿದ್ದರೂ ಕಿವಿ ಮಗಳ ಮಾತಿನ ಕಡೆ. ಮೆಸ್ ನಡೆಸುವ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಇದು ಸುಮ್ಮನೆ ಬರುವುದಲ್ಲ ಅನ್ನುತ್ತಾಳೆ.

ಇಷ್ಟರ ಮೇಲೂ ಅವರು ಒಬ್ಬರೇ ನಿಂತು ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕ ಆಡುತ್ತಿದ್ದಾರೆ. 2025ರಲ್ಲಿ ಮಂಥರೆಯಾಗಿ ಯಕ್ಷಗಾನದ ರಂಗಸ್ಥಳಕ್ಕೂ ಇಳಿದರು. ಆ ವಯಸ್ಸಿನಲ್ಲಿ ಗೆಜ್ಜೆ ಕಟ್ಟಿ ಹೊಸ ಹೆಜ್ಜೆ ಕಲಿಯುವವರನ್ನು ‘ಹಾಸ್ಯನಟಿ, ಮಾಜಿ ಸಚಿವೆ’ ಎಂದು ಮುಗಿಸಿಬಿಡುವುದೇ?

ನನ್ನ ಕೋರಿಕೆ ಎರಡು. ಬರುವ ಯಾವುದಾದರೂ ಭಾನುವಾರ ಉಮಾಶ್ರೀ ಅವರ ಬಗ್ಗೆ ಒಂದು ಪುಟ ಬರೆಸಿ. ಆ ಹಳೆಯ ಚಿತ್ರಗಳನ್ನೂ ಬಿಡದೆ, ನಾಚಿಕೆಪಡದೆ ಬರೆಸಿ. ಇನ್ನೊಂದು, ‘ಶರ್ಮಿಷ್ಠೆ’ಯನ್ನು ನಮ್ಮ ಮೆಸ್ಸಿಗೆ ಬರುವ ಹೆಂಗಸರ್ಯಾರೂ ನೋಡಿಲ್ಲ. ತಿಪಟೂರಿನಲ್ಲೋ ನೊಣವಿನಕೆರೆಯಲ್ಲೋ ಆಡಿಸಲು ಇಲ್ಲಿನ ಕನ್ನಡ ಸಂಘಗಳವರು ಮನಸ್ಸು ಮಾಡಲಿ. ಕೊಬ್ಬರಿ ಹರಾಜಿನ ದಿನ ಮಾತ್ರ ಬೇಡ, ಆ ದಿನ ಹೆಂಗಸರಿಗೆ ಬಿಡುವಿರುವುದಿಲ್ಲ. ತಂಡದವರು ಎಷ್ಟೇ ಜನ ಬರಲಿ, ಎರಡು ಹೊತ್ತಿನ ಊಟ ನನ್ನ ಮೆಸ್ಸಿನದು. ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿಡುತ್ತೇನೆ.

ಇಂತಿ,
ಮೆಸ್ ನಡೆಸುವ ನಿಮ್ಮ ಒಬ್ಬ ಓದುಗಿ,
ತಿಪಟೂರು