ಇಪ್ಪತ್ತು ರೂಪಾಯಿಯ ಲೆಕ್ಕ

ದಾವಣಗೆರೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಮೊದಲ ಸಂಬಳ ಬಂದ ವಾರವೇ ಷೇರು ಇಡೋ ಡಿಮ್ಯಾಟ್ ಖಾತೆ ತೆರೆದೆಯಂತೆ. ನಿಮ್ಮಪ್ಪ ಗಾಬರಿಯಲ್ಲಿ ಫೋನ್ ಮಾಡಿದ್ದ. ನನಗೇನೋ ಖುಷಿಯೇ ಆಯಿತು.

ನಾನು ಷೇರು ಕೊಳ್ಳುತ್ತಿದ್ದಾಗ ಬ್ರೋಕರ್ ಆಫೀಸಿನ ಬೆಂಚಿನ ಮೇಲೆ ಕಾಯಬೇಕಿತ್ತು. ನೂರಕ್ಕೆ ಐವತ್ತು ಪೈಸೆ ಬ್ರೋಕರೇಜ್. ಲಕ್ಷದ ಷೇರಿಗೆ 500 ರೂಪಾಯಿ, ಮಾರುವಾಗ ಮತ್ತೆ ಅಷ್ಟೇ. ಜೊತೆಗೆ ಕಾಫಿ, ಯಾವ ಷೇರು ಕೊಳ್ಳಬೇಕು ಅನ್ನೋ ಒಂದು ಟಿಪ್ ಪುಕ್ಕಟೆ. ಆ ಟಿಪ್ ನಂಬಿ ಎಷ್ಟು ಮುಳುಗಿತು ಅಂತ ದೊಡ್ಡಮ್ಮನ ಎದುರು ಮಾತ್ರ ಕೇಳಬೇಡ. 2010ರಲ್ಲಿ ಬೆಂಗಳೂರಿನಲ್ಲಿ ಜೆರೋಧಾ ಅನ್ನೋ ಬ್ರೋಕರ್ ಕಂಪನಿ ಶುರುವಾಗಿ, ಆರ್ಡರ್ ಎಷ್ಟೇ ದೊಡ್ಡದಿರಲಿ 20 ರೂಪಾಯಿ ಮೀರೋದಿಲ್ಲ ಅಂದಾಗ ನಾವು ನಂಬಲಿಲ್ಲ. 2015ರ ಕೊನೆಗೆ ಡೆಲಿವರಿಗೆ, ಅಂದರೆ ಷೇರು ಕೊಂಡು ಖಾತೆಯಲ್ಲಿ ಇಟ್ಟುಕೊಳ್ಳೋದಕ್ಕೆ, ಅದನ್ನೂ ಬಿಟ್ಟರು. ಇಂಥ ಡಿಸ್ಕೌಂಟ್ ಬ್ರೋಕರ್ ಅಂದರೆ ಇಷ್ಟೇ: ಆರ್ಡರ್ ಹಾಕಿಕೊಡುತ್ತಾರೆ, ಯಾವುದು ಕೊಳ್ಳಬೇಕು ಅಂತ ಹೇಳೋದಿಲ್ಲ. ಅವರ ಹೆಸರಲ್ಲಿ ಟೆಲಿಗ್ರಾಂನಲ್ಲಿ ಟಿಪ್ ಬಂದರೆ ಕಳ್ಳರೇ ಅಂದುಕೋ.

ಡೆಲಿವರಿ ಪುಕ್ಕಟೆ ಅಂದರೂ ಎಸ್‌ಟಿಟಿ ಅನ್ನೋ ಸರ್ಕಾರದ ತೆರಿಗೆ ಕೊಂಡಾಗಲೂ ಮಾರಿದಾಗಲೂ ಲಕ್ಷಕ್ಕೆ 100 ರೂಪಾಯಿ ಹೋಗುತ್ತೆ. ಮಾರಿದ ದಿನ ಡಿಪಿ ಚಾರ್ಜ್ ಬೇರೆ, ಖಾತೆಯಿಂದ ಷೇರು ಹೊರಗೆ ತೆಗೆಯೋ ಫೀಸು. ಅದು ದಿನದ ಬಿಲ್ಲಾದ ಕಾಂಟ್ರಾಕ್ಟ್ ನೋಟಿನಲ್ಲಿ ಕಾಣೋದಿಲ್ಲ, ಖಾತೆಯ ಜಮಾ-ಖರ್ಚಿನ ಲೆಡ್ಜರಿನಲ್ಲಿ ಸದ್ದಿಲ್ಲದೆ ಕೂತಿರುತ್ತೆ. 150 ರೂಪಾಯಿಯ ಒಂದೇ ಷೇರು ಮಾರಿ ಹದಿನೈದು ರೂಪಾಯಿ ಚಾರ್ಜ್ ಕಟ್ಟಿದರೆ ಹತ್ತರಲ್ಲೊಂದು ಪಾಲು ಹೋಯಿತಲ್ಲ! ಚಿಲ್ಲರೆ ಚಿಲ್ಲರೆಯಾಗಿ ಮಾರಬೇಡ.

ನನ್ನ ಭಯ ಇರೋದು ಆ ಅಗ್ಗದ 20 ರೂಪಾಯಿ ಮೇಲೇ. ರಿಟೈರಾದ ಹೊಸದರಲ್ಲಿ ನಾನೂ ಆಪ್ಷನ್ಸ್, ಅಂದರೆ ಬೆಲೆ ಏರುತ್ತೋ ಇಳಿಯುತ್ತೋ ಅನ್ನೋ ಬಾಜಿ, ಆಡಿದ್ದೆ. ಅಲ್ಲಿ ಆರ್ಡರಿಗೆ 20 ಇದ್ದೇ ಇತ್ತು. ಒಂದು ದಿನ ಸಂಜೆ 410 ರೂಪಾಯಿ ಲಾಭ ತೋರಿಸಿತು, ದೊಡ್ಡಮ್ಮನಿಗೆ ಜಂಬದಿಂದ ಹೇಳಿದೆ. ರಾತ್ರಿ ಕಾಂಟ್ರಾಕ್ಟ್ ನೋಟ್ ಬಂತು: 22 ಆರ್ಡರ್, ಬ್ರೋಕರೇಜ್ 440, ಅದಕ್ಕೆ ಜಿಎಸ್‌ಟಿ 79.20. ಎಸ್‌ಟಿಟಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಒಂದೇ ಸಲ 500 ಕೊಡಬೇಕಿದ್ದರೆ ಕೈ ತಡೆಯುತ್ತಿತ್ತು, ಇಪ್ಪತ್ತು ತಾನೇ ಅಂತ ಒತ್ತುತ್ತಾ ಹೋದೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ಬಿಡಿ ಹೂಡಿಕೆದಾರರಲ್ಲಿ 93% ಜನ ಕಳಕೊಂಡರು ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಹಾಕಿದೆ. ನಿನ್ನ ಖಾತೆಯಲ್ಲಿ ಆ ಸೆಗ್ಮೆಂಟ್ ಆನ್ ಮಾಡಿಸಬೇಡ.

ಷೇರು ಮಾರಲು ಒಪ್ಪಿಗೆ ಕೊಡೋ ಗುಟ್ಟಿನ ನಂಬರ್ ಟಿಪಿನ್, ಒಟಿಪಿ ಯಾರಿಗೂ ಹೇಳಬೇಡ. ನಾಮಿನಿ ಹಾಕಿದ್ದೀಯಾ? ದೀಪಾವಳಿಗೆ ಬರುವಾಗ ಲೆಡ್ಜರ್ ಇಳಿಸಿಕೊಂಡು ಬಾ, ಜಗಲಿ ಮೇಲೆ ಕೂತು ನೋಡೋಣ.

ನಿನ್ನ ದೊಡ್ಡಪ್ಪ